ಸೈನ್ ಹಾಕಿ ಕಳ್ಸಿ ಅಂದ್ರು, ಹಾಕ್ಲಾ?

ಪ್ರಶ್ನೆ: ಮೇಡಂ, ಮಗಳು ಆರನೇ ಕ್ಲಾಸು. ಸ್ಕೂಲಿಂದ ಟ್ರಿಪ್ ಹೊರಟಿದಾರೆ, ಡ್ಯಾಮ್ ಹಿನ್ನೀರಲ್ಲಿ ಬೋಟಿಂಗೂ ಇದೆಯಂತೆ. "ಏನೇ ಅನಾಹುತ ಆದ್ರೂ ಶಾಲೆ ಜವಾಬ್ದಾರಿ ಅಲ್ಲ" ಅಂತ ಒಂದು ಫಾರಂ ಕಳ್ಸಿ ಸೈನ್ ಕೇಳ್ತಿದಾರೆ, ಹಾಕ್ದಿದ್ರೆ ಕರ್ಕೊಂಡೋಗಲ್ವಂತೆ. ಅವಳು ಬೆಳಗ್ಗಿಂದ ಮುಖ ಊದಿಸ್ಕೊಂಡು ಕೂತಿದಾಳೆ. ಬೋಟಿಗೆ ಅಂತ ಕಾನೂನೇ ಇಲ್ವಾ? ಇದೆಲ್ಲ ರಾಜ್ಯದ್ದಾ, ಕೇಂದ್ರದ್ದಾ?

ಉತ್ತರ: ಆ ಸಾಲಿಗೆ ಹೆದರಬೇಡಿ ತಾಯಿ. ಅಜಾಗರೂಕತೆಯಿಂದ ಜೀವ ಹೋದ್ರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ನಲ್ಲಿ 5 ವರ್ಷದವರೆಗೂ ಜೈಲಿದೆ, ಹಳೇ ಐಪಿಸಿಲಿ 2 ವರ್ಷ ಇತ್ತು, ಅಪ್ಪ ಅಮ್ಮ ಸೈನ್ ಹಾಕಿದ್ರು ಅನ್ನೋ ಕಾರಣಕ್ಕೆ ಆ ಕೇಸ್ ಬಿದ್ದೋಗಲ್ಲ. ಟ್ರಿಪ್ಪಿಗೆ ಒಪ್ಪಿಗೆ ಇದೆ ಅಂತ ಬರೆದು, ಜವಾಬ್ದಾರಿ ಸಾಲಿನ ಮೇಲೆ ಒಂದು ಗೀಟು ಎಳೆದು ಸೈನ್ ಹಾಕಿ ಕೊಡಿ.

ಇನ್ನು ಕಾನೂನು. ಶಿಕ್ಷಣ ಮುಂಚೆ ರಾಜ್ಯದ ಪಟ್ಟಿಲಿತ್ತು, 1976ರಲ್ಲಿ 42ನೇ ತಿದ್ದುಪಡಿ ಆಗಿ ಸಮವರ್ತಿ ಪಟ್ಟಿಗೆ ಬಂತು, ಅಂದ್ರೆ ಇಬ್ರೂ ಕಾನೂನು ಮಾಡಬಹುದು. ಒಳನಾಡಿನ ಮೋಟಾರ್ ಬೋಟೂ ಅಲ್ಲೇ ಇದೆ. ಬ್ರಿಟಿಷರ ಕಾಲದ 1917ರ ಕಾಯ್ದೆ ತೆಗೆದು 2021ರಲ್ಲಿ ಸಂಸತ್ತು ಹೊಸದು ಮಾಡ್ತು, ಅದರ ಪ್ರಕಾರ ಇಂಥ ಬೋಟಿಗೆ ರಿಜಿಸ್ಟ್ರೇಷನ್, ಸರ್ವೇ ಸರ್ಟಿಫಿಕೇಟ್ (ಬೋಟ್ ಪರೀಕ್ಷೆ ಮಾಡಿ ಓಡಿಸೋಕೆ ಸರಿ ಇದೆ ಅಂತ ಕೊಡೋದು), ಇನ್ಶೂರೆನ್ಸ್ ಎಲ್ಲ ಬೇಕು, ಓಡಿಸೋನಿಗೂ ಸರ್ಟಿಫಿಕೇಟ್ ಬೇಕು. ಕಾಯ್ದೆ ದೆಹಲಿದು, ದಡದಲ್ಲಿ ನಿಂತು ತಡೀಬೇಕಾದೋರು ರಾಜ್ಯದೋರು, ನನ್ನ ಕೇಳಿದ್ರೆ ತೊಂದರೆ ಇರೋದೇ ಅಲ್ಲಿ. 2007ರಲ್ಲಿ ಕೇರಳದ ತಟ್ಟೇಕ್ಕಾಡಲ್ಲಿ ಟ್ರಿಪ್ಪಿನ ಬೋಟ್ ಮುಳುಗಿ 15 ಮಕ್ಕಳು, 3 ಟೀಚರ್ಸ್ ಜೀವ ಕಳ್ಕೊಂಡ್ರು. 2024ರ ಜನವರಿ 18ಕ್ಕೆ ವಡೋದರದ ಹರಣಿ ಕೆರೆಲಿ 12 ಮಕ್ಕಳು, 2 ಟೀಚರ್ಸ್, ಅಲ್ಲೂ ಬೋಟ್ ತುಂಬ ಮಿತಿ ಮೀರಿ ಜನ, ಎಷ್ಟೋ ಮಕ್ಕಳ ಮೈಮೇಲೆ ಲೈಫ್ ಜಾಕೆಟ್ಟೇ ಇರ್ಲಿಲ್ಲ.

ಜಾಕೆಟ್ ಇದೆ ಅಂದ್ರೂ ನಂಬಬೇಡಿ, ದೊಡ್ಡೋರದ್ದನ್ನ ಮಕ್ಕಳಿಗೆ ತೊಡಿಸ್ಬಿಡ್ತಾರೆ. ಬಕಲ್ ಎಲ್ಲ ಹಾಕಿ ಬಿಗಿ ಮಾಡಿದ್ಮೇಲೆ ಭುಜದ ಹತ್ರ ಎರಡೂ ಕಡೆ ಹಿಡಿದು ಮೇಲಕ್ಕೆ ಎಳೀಬೇಕು, ಗಲ್ಲ ದಾಟಿ ಕಿವಿವರೆಗೂ ಬಂತು ಅಂದ್ರೆ ಅದು ನೀರಲ್ಲಿ ಮೈಮೇಲೆ ನಿಲ್ಲಲ್ಲ, ಮಗು ಕೆಳಗೆ ಜಾರತ್ತೆ. ಇದನ್ನ ಟೀಚರ್‌ಗೆ ಹೇಳಿ, ಮಗಳಿಗೂ ಮನೇಲೇ ಒಂದ್ಸಲ ತೋರಿಸಿಕೊಡಿ, ಬೋಟಲ್ಲಿ ಸೆಲ್ಫಿಗೆ ಅಂತ ಎಲ್ರೂ ಒಂದೇ ಕಡೆ ನುಗ್ಗಬಾರದು ಅಂತನೂ ಹೇಳಿ. ಎಷ್ಟು ಜನಕ್ಕೆ ಪರ್ಮಿಷನ್ ಇದೆ ಅಂತ ಮೊದ್ಲೇ ಫೋನ್ ಮಾಡಿ ವಿಚಾರಿಸಿ ಅಂತ ಹೆಡ್‌ಮಾಸ್ಟರಿಗೆ ಒಂದು ಲೆಟರ್ ಕೊಟ್ಟು ಸ್ವೀಕೃತಿ ಇಸ್ಕೊಳ್ಳಿ.

ಪ್ರಶ್ನೆ: ಟ್ರಿಪ್ ದುಡ್ಡು ಕಟ್ಟಿಲ್ಲ ಅಂತ ನನ್ನ ಮಗನ್ನ ಒಂದು ಪೀರಿಯಡ್ ಪೂರ್ತಿ ಕ್ಲಾಸ್ ಹೊರಗೆ ನಿಲ್ಸಿದ್ರು. ನಾಲ್ಕನೇ ಕ್ಲಾಸು ಸಾರ್.

ಉತ್ತರ: (ಸಾರ್ ಅಲ್ಲಪ್ಪ, ಮೇಡಂ.) 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯೋದನ್ನ ಅಷ್ಟೇ ಅಲ್ಲ, ಮಾನಸಿಕ ಹಿಂಸೇನೂ ಬೇಡ ಅಂತ ಹೇಳತ್ತೆ. ದಿನ, ಪೀರಿಯಡ್ ಬರೆದಿಟ್ಕೊಂಡು ಮೊದ್ಲು ಹೆಡ್‌ಮಾಸ್ಟರಿಗೆ ಕೊಡಿ, ಬಗ್ಗಲಿಲ್ಲ ಅಂದ್ರೆ ಬಿಇಒ ಆಫೀಸಿಗೆ, ಅಲ್ಲೂ ಆಗ್ಲಿಲ್ಲ ಅಂದ್ರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಬರೀರಿ.