ಓಡದ ಹಡಗು ಓಡುತ್ತಿತ್ತೇ?

ಆತ್ಮೀಯರೇ,

ನೀವು ಕಳಿಸಿದ ‘ಹುಟ್ಟದ ದೈತ್ಯರು’ ಲೇಖನ ಬಂದು ಹತ್ತು ದಿನವಾಯಿತು. ಮೊದಲ ಸಲ ಒಂದೇ ಕೂತಿಗೆ ಓದಿ ಮುಗಿಸಿದೆ. ಎರಡನೇ ಸಲ ಪೆನ್ಸಿಲ್ ಹಿಡಿದು ಕೂತವನು ಎರಡನೇ ಪುಟ ದಾಟಲಿಲ್ಲ. ಈ ಪತ್ರ ಹೆಚ್ಚಾಗಿ ಆ ಪುಟದ ಬಗ್ಗೆಯೇ. ಬೇರೆಯವರಿಗೂ ಉಪಯೋಗವಾದೀತು ಅಂತ ನಿಮ್ಮ ಹೆಸರು ಹಾಕದೆ ಇಲ್ಲಿ ಪ್ರಕಟಿಸುತ್ತಿದ್ದೇನೆ.

ಲೇಖನ ಓದದವರಿಗೆ ಎರಡು ಮಾತು. ಮೊದಲ ಮಹಾಯುದ್ಧದ ಆಸುಪಾಸಿನಲ್ಲಿ ಬ್ರಿಟನ್, ಅಮೆರಿಕ, ಜಪಾನ್ ಮೂರೂ ಭಾರೀ ಯುದ್ಧನೌಕೆಗಳನ್ನು ಕಟ್ಟಲು ಹೊರಟಿದ್ದವು. 1922ರ ಫೆಬ್ರವರಿ 6ರಂದು ವಾಷಿಂಗ್ಟನ್‌ನಲ್ಲಿ ಒಂದು ಒಪ್ಪಂದಕ್ಕೆ ಸಹಿ ಬಿತ್ತು. ಯುದ್ಧನೌಕೆ 35,000 ಟನ್ ಮೀರಬಾರದು, ತೋಪಿನ ಬಾಯಿ 16 ಇಂಚು ದಾಟಬಾರದು, ಕೆಲವು ವಿನಾಯಿತಿ ಬಿಟ್ಟರೆ ಹತ್ತು ವರ್ಷ ಹೊಸದು ಕಟ್ಟಲೇಬಾರದು ಅಂತ ತೀರ್ಮಾನವಾಯಿತು. ಅರ್ಧ ಕಟ್ಟಿದ್ದವು, ಬರೀ ಕಾಗದದ ಮೇಲಿದ್ದವು, ಹೀಗೆ ಎಷ್ಟೋ ಹಡಗುಗಳ ಕಥೆ ಅಲ್ಲಿಗೇ ನಿಂತಿತು. ಆ ಹಡಗುಗಳೇ ಈ ಲೇಖನದ ವಿಷಯ.

ಅಂಕಿಗಳು ಸರಿಯಾಗಿವೆ. ಜಪಾನೀ ಹೆಸರುಗಳನ್ನು ಜೋಪಾನವಾಗಿ ಬರೆದಿದ್ದೀರಿ. ಕಾಗುಣಿತದ ತಪ್ಪು ಒಂದೂ ಸಿಗಲಿಲ್ಲ. ಇಷ್ಟಕ್ಕೆ ನಿಮಗೆ ಅಭಿನಂದನೆ.

ಈಗ ಎರಡನೇ ಪುಟದ ಮೊದಲ ಸಾಲು. ‘ಬ್ರಿಟನ್ನಿನ ಜಿ3 ನೌಕೆಯು 32 ನಾಟ್ ವೇಗದಲ್ಲಿ ಅಲೆಗಳನ್ನು ಸೀಳುತ್ತ ಓಡುತ್ತಿತ್ತು.’

ಓಡುತ್ತಿತ್ತಾ? ಜಿ3 ಅನ್ನುವುದು ಬ್ರಿಟನ್ ಕಟ್ಟಲು ಹೊರಟಿದ್ದ ಒಂದು ಬ್ಯಾಟಲ್‌ಕ್ರೂಸರ್ ನಕ್ಷೆಯ ಗುರುತು; ಬ್ಯಾಟಲ್‌ಕ್ರೂಸರ್ ಅಂದರೆ ವೇಗಕ್ಕೆ ಒತ್ತು ಕೊಟ್ಟ ಭಾರೀ ಯುದ್ಧನೌಕೆ. ಆ ಮಾದರಿಯ ಒಂದು ಹಡಗೂ ನೀರು ಕಾಣಲಿಲ್ಲ. ಅವಕ್ಕೆ ಅಧಿಕೃತವಾಗಿ ಹೆಸರು ಕೂಡ ಇಟ್ಟಿರಲಿಲ್ಲ.

ನಮ್ಮ ಕನ್ನಡದಲ್ಲಿ ‘ಓಡುತ್ತಿತ್ತು’ ಅನ್ನುವುದು ಎರಡು ಕೆಲಸ ಮಾಡುತ್ತದೆ. ‘ನಮ್ಮೂರಿಗೆ ದಿನಾ ಒಂದು ಬಸ್ಸು ಓಡುತ್ತಿತ್ತು’ ಅಂದರೆ ಬಸ್ಸು ಇತ್ತು. ‘ರಸ್ತೆ ಆಗಿದ್ದರೆ ನಮ್ಮೂರಿಗೂ ಬಸ್ಸು ಓಡುತ್ತಿತ್ತು’ ಅಂದರೆ ಬಸ್ಸು ಇರಲೇ ಇಲ್ಲ. ಕ್ರಿಯಾಪದ ಅದೇ. ಇದ್ದದ್ದನ್ನೂ ಇಲ್ಲದ್ದನ್ನೂ ಬೇರೆ ಮಾಡುವುದು ಆ ‘ಆಗಿದ್ದರೆ’ ಮಾತ್ರ. ನೀವು ‘ಕಟ್ಟಿದ್ದರೆ’ ಅನ್ನುವುದನ್ನು ಮೊದಲ ಪುಟದಲ್ಲಿ ಒಂದು ಸಲ ಹೇಳಿ ಕೈಬಿಟ್ಟಿದ್ದೀರಿ. ಆಮೇಲಿನ ಹನ್ನೆರಡು ವಾಕ್ಯಗಳಲ್ಲಿ ಹಡಗು ಓಡುತ್ತದೆ, ತಿರುಗುತ್ತದೆ, ಗುಂಡು ಹಾರಿಸುತ್ತದೆ. ಓದುಗ ಅದು ಇತ್ತು ಅಂತಲೇ ನಂಬುತ್ತಾನೆ. ಕೊನೇ ಪುಟದಲ್ಲಿ ‘ರದ್ದುಪಡಿಸಲಾಯಿತು’ ಅಂತ ಬಂದಾಗ ಮೋಸ ಹೋದಂತೆ ಅನ್ನಿಸುತ್ತದೆ. ನನಗೆ ಹಾಗೇ ಅನ್ನಿಸಿತು.

ಇಲ್ಲಿ ಬೇಕಾದ ಕ್ರಿಯಾಪದ ‘ಓಡಬೇಕಿತ್ತು’. ಅಥವಾ ‘32 ನಾಟ್ ಓಡಲಿ ಅಂತ ಲೆಕ್ಕ ಹಾಕಿದ್ದರು’. ಈ ‘ಬೇಕಿತ್ತು’ ಒಳಗೆ ಒಬ್ಬ ಮನುಷ್ಯ ಇದ್ದಾನೆ. ಮೇಜಿನ ಮುಂದೆ ಕೂತು, ಇಷ್ಟು ವೇಗ ಬೇಕು, ಅದಕ್ಕೆ ಎಷ್ಟು ಬಾಯ್ಲರ್ ಬೇಕು ಅಂತ ಗುಣಾಕಾರ ಮಾಡಿದವನು. ಅಲೆಗಳನ್ನು ಸೀಳಿಸಿದ ತಕ್ಷಣ ಅವನು ಮಾಯವಾಗುತ್ತಾನೆ. ಅಲೆ ಅಂತೂ ಇರಲೇ ಇಲ್ಲ.

ಮುಂದಿನ ಸಾಲು: ‘ಅದರ ಒಂಬತ್ತು 16 ಇಂಚಿನ ತೋಪುಗಳು ಶತ್ರುಗಳ ಎದೆ ನಡುಗಿಸುತ್ತಿದ್ದವು.’

ಯಾವ ಶತ್ರು? ಇದು 1921. ಜರ್ಮನಿಯ ದೊಡ್ಡ ಹಡಗುಗಳನ್ನು ಅವರ ನಾವಿಕರೇ 1919ರ ಜೂನ್ 21ರಂದು ಬ್ರಿಟನ್ನಿನ ನೌಕಾನೆಲೆ ಸ್ಕಾಪಾ ಫ್ಲೋದಲ್ಲಿ ಮುಳುಗಿಸಿದ್ದರು. ಬ್ರಿಟನ್ ಆಗ ಕಣ್ಣಿಟ್ಟಿದ್ದದ್ದು ಅಮೆರಿಕ ಮತ್ತು ಜಪಾನಿನ ಮೇಲೆ. ಎರಡೂ ನಿನ್ನೆ ಮೊನ್ನೆಯವರೆಗೆ ಜೊತೆಯಲ್ಲಿ ಯುದ್ಧ ಮಾಡಿದ ದೇಶಗಳು. ಜಪಾನಿನ ಜೊತೆಗಿನ ಮೈತ್ರಿ ಒಪ್ಪಂದವಂತೂ ಇನ್ನೂ ಜಾರಿಯಲ್ಲಿತ್ತು. ಸ್ನೇಹಿತನ ಹಡಗಿಗಿಂತ ನಮ್ಮದು ಚಿಕ್ಕದಾಗಬಾರದು ಅನ್ನುವ ಭಯದಲ್ಲಿ ಹುಟ್ಟಿದ ನಕ್ಷೆ ಇದು. ನಿಮ್ಮ ‘ಶತ್ರು’ ಅನ್ನುವ ಒಂದು ಪದ ಅಷ್ಟೂ ಕಥೆಯನ್ನು ಮುಚ್ಚಿಬಿಟ್ಟಿದೆ.

ಅದರ ಕೆಳಗೆ: ‘ಅದರ 14 ಇಂಚಿನ ಉಕ್ಕಿನ ಕವಚವನ್ನು ಯಾವ ಗುಂಡೂ ಭೇದಿಸುತ್ತಿರಲಿಲ್ಲ.’

ಯಾರೂ ಅದಕ್ಕೆ ಗುಂಡು ಹೊಡೆಯಲಿಲ್ಲ. ಆ ಕವಚ ಯಾಕೆ ಅಷ್ಟು ದಪ್ಪ ಅಂತ ನೀವು ಕೇಳಬೇಕಿತ್ತು. 1916ರ ಮೇ 31ರಂದು ಜರ್ಮನಿಯ ಜೊತೆ ನಡೆದ ಜಟ್ಲೆಂಡ್ ನೌಕಾ ಕದನದಲ್ಲಿ ಬ್ರಿಟನ್ನಿನ ಮೂರು ಬ್ಯಾಟಲ್‌ಕ್ರೂಸರ್‌ಗಳು ಸಿಡಿದು ಹೋದವು. ಇಂಡಿಫ್ಯಾಟಿಗಬಲ್, ಕ್ವೀನ್ ಮೇರಿ, ಇನ್ವಿನ್ಸಿಬಲ್. ಒಂದೊಂದರಲ್ಲೂ ಸಾವಿರ ಜನ. ಉಳಿದವರು ಬೆರಳೆಣಿಕೆಯಷ್ಟು. ಮದ್ದುಗುಂಡಿನ ಕೋಣೆಗೆ ಬೆಂಕಿ ತಗುಲಿದ್ದೇ ಕಾರಣ. ಐದು ವರ್ಷ ಕಳೆದ ಮೇಲೆ ಜಿ3 ನಕ್ಷೆ ಬರೆದವರ ಕಣ್ಣಮುಂದೆ ಅದೇ ಇತ್ತು. ಹಡಗಿನ ಮೈತುಂಬ ತೆಳುವಾಗಿ ಉಕ್ಕು ಹೊದಿಸಿ ಪ್ರಯೋಜನವಿಲ್ಲ. ಜೀವ ಇರುವ ಜಾಗಕ್ಕೆ ಪೂರ್ತಿ, ಉಳಿದ ಕಡೆಗೆ ಹೆಚ್ಚುಕಡಿಮೆ ಏನೂ ಬೇಡ. ಮದ್ದಿನ ಕೋಣೆಗಳ ಮೇಲಿನ ಡೆಕ್ಕಿಗೆ 8 ಇಂಚು. ಆ ಉಕ್ಕಿನ ಪೆಟ್ಟಿಗೆ ಉದ್ದವಾದಷ್ಟೂ ತೂಕ ಜಾಸ್ತಿ. ಹಾಗಾಗಿ ಪೆಟ್ಟಿಗೆಯನ್ನು ಗಿಡ್ಡ ಮಾಡಬೇಕು. ಅದಕ್ಕೇ ತೋಪಿನ ಮೂರೂ ಗೋಪುರಗಳನ್ನು ಎಂಜಿನ್ನುಗಳ ಮುಂದಕ್ಕೆ ತಂದು ಒತ್ತೊತ್ತಾಗಿ ಇಟ್ಟರು. ಹಡಗು ನಡೆಸುವವರು ನಿಲ್ಲುವ ಕಟ್ಟೆಯ ಮುಂದೆ ಎರಡು, ಹಿಂದೆ ಒಂದು. ಹಡಗಿನ ಹಿಂಭಾಗದಲ್ಲಿ ದೊಡ್ಡ ತೋಪೇ ಇಲ್ಲ. ಆ ವಿಚಿತ್ರ ಆಕಾರದ ಹಿಂದೆ ಮೂರು ಹಡಗುಗಳ ಸಾವಿದೆ. ನೀವು ಆಕಾರ ಹೇಳಿದ್ದೀರಿ, ಸಾವು ಹೇಳಿಲ್ಲ.

ಇದರಲ್ಲಿ ನನಗೆ ಇಷ್ಟು ಹಟ ಯಾಕೆ ಅಂತ ಹೇಳುತ್ತೇನೆ.

ನನಗೆ ಆಗ ಇಪ್ಪತ್ಮೂರು. ಒಂದು ಜಿಲ್ಲಾ ಪತ್ರಿಕೆಯಲ್ಲಿ ಹೊಸದಾಗಿ ಸೇರಿದ್ದೆ. ಹೊಳೆಗೆ ಸೇತುವೆ ಮಂಜೂರಾದ ಪ್ರಕಟಣೆ ಬಂತು, ಜೊತೆಗೆ ನಕ್ಷೆ. ಏಳು ಕಮಾನು, ಎರಡೂ ಕಡೆ ಕಟಾಂಜನ. ನಕ್ಷೆ ನೋಡುತ್ತಲೇ ನನಗೆ ಸೇತುವೆ ಕಣ್ಣಿಗೆ ಕಟ್ಟಿತು. ‘ಏಳು ಕಮಾನುಗಳ ಈ ಸೇತುವೆ ಎರಡೂ ದಡದ ಹಳ್ಳಿಗಳನ್ನು ಬೆಸೆಯುತ್ತದೆ’ ಅಂತ ಬರೆದೆ. ಅಚ್ಚಾಯಿತು. ವಾರದ ಮೇಲೆ ಪಕ್ಕದ ತಾಲೂಕಿನ ಒಬ್ಬ ರೈತರು ಕಚೇರಿಗೆ ಬಂದರು. ಪತ್ರಿಕೆ ನೋಡಿ ಹತ್ತಿರದ ದಾರಿ ಆಯ್ತಲ್ಲ ಅಂತ ಬಾಳೆಗೊನೆ ಗಾಡಿ ಹೊಡೆದುಕೊಂಡು ಹೊಳೆಯ ತನಕ ಹೋಗಿದ್ದರಂತೆ. ಅಲ್ಲಿಂದ ಸುತ್ತಿ ಬಳಸಿ ಸಂತೆಗೆ ಮುಟ್ಟುವಷ್ಟರಲ್ಲಿ ಸಂತೆ ಮುಗಿದಿತ್ತು. ಅವರು ಕೂಗಾಡಲಿಲ್ಲ. ಮಡಚಿದ ಪತ್ರಿಕೆ ನನ್ನ ಮೇಜಿನ ಮೇಲಿಟ್ಟು, ‘ಇದನ್ನ ಬರೆದೋರು ಹೊಳೆ ನೋಡಿದ್ರಾ?’ ಅಂತ ಕೇಳಿದರು.

ನಮ್ಮ ಹಿರಿಯ ಉಪಸಂಪಾದಕರು ಮರುದಿನ ಬೆಳಗಿನ ಬಸ್ಸಿಗೆ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದರು. ಒಂದು ಅಡಿಗಲ್ಲು. ಅದರ ಮೇಲೆ ಒಣಗಿದ ಚೆಂಡು ಹೂವಿನ ಹಾರ. ದಡದುದ್ದಕ್ಕೂ ಸರ್ವೆಯವರು ನೆಟ್ಟ ಗೂಟಗಳು. ಸ್ವಲ್ಪ ಕೆಳಗೆ ಇನ್ನೊಂದು ಸಾಲು ಬರೀ ಗುಂಡಿಗಳು. ಮೊದಲು ಅಲ್ಲಿ ನೆಟ್ಟು, ಮಣ್ಣು ಸರಿಯಿಲ್ಲ ಅಂತ ಕಿತ್ತಿದ್ದರು. ‘ಈ ಗುಂಡಿ ಬರಿ’ ಅಂದರು ಅವರು. ‘ಸೇತುವೆ ಆದಮೇಲೆ ಎಲ್ಲರೂ ಬರೀತಾರೆ.’ ದೋಣಿ ಹಾಕುವವನನ್ನೂ ಮಾತಾಡಿಸಿದೆ. ಸೇತುವೆ ಬಂದರೆ ತಾನು ಏನು ಮಾಡಬೇಕೋ ಅಂತ ಅವನ ಚಿಂತೆ. ನಾನು ಬರೆದದ್ದರಲ್ಲಿ ನಿಜವಾದ ಮೊದಲ ಲೇಖನ ಅದು.

ನಿಮ್ಮ ಮೂರನೇ ಪುಟದಲ್ಲಿ ಆ ಗುಂಡಿಗಳನ್ನೇ ಹುಡುಕಿದೆ. ಸಿಕ್ಕಿದ್ದು ಇದು: ‘ಜಿ3ಯನ್ನು 1921ರಲ್ಲಿ ವಿನ್ಯಾಸಗೊಳಿಸಲಾಯಿತು. 1922ರಲ್ಲಿ ರದ್ದುಪಡಿಸಲಾಯಿತು.’

ಈ ‘ಲಾಯಿತು’ ನನಗೆ ಆಗಿಬರದ ಎರಡನೇ ವಿಷಯ. ಸರ್ಕಾರಿ ಸುತ್ತೋಲೆಗೆ ಸರಿ, ಅಲ್ಲಿ ಯಾರು ಮಾಡಿದರು ಅಂತ ಹೇಳುವ ಹಾಗಿರುವುದಿಲ್ಲ. ನಿಮಗೇನು ಅಡ್ಡಿ? ಯಾರು ಬರೆದರು, ಯಾರು ತಿದ್ದಿದರು, ಯಾರು ನಿಲ್ಲಿಸಿದರು, ಎಲ್ಲವೂ ಗೊತ್ತಿರುವ ಕಥೆ ಇದು.

ಆಗ ಬ್ರಿಟಿಷ್ ನೌಕಾಪಡೆಯ ಮುಖ್ಯ ವಿನ್ಯಾಸಕ ಯೂಸ್ಟೆಸ್ ಟೆನಿಸನ್ ಡಿಎನ್‌ಕೋರ್ಟ್. ಅವನ ಕೈಕೆಳಗಿನವರು ಬ್ಯಾಟಲ್‌ಕ್ರೂಸರ್ ನಕ್ಷೆಗಳಿಗೆ ಇಂಗ್ಲಿಷ್ ಅಕ್ಷರಗಳನ್ನು ಹಿಮ್ಮುಖವಾಗಿ ಕೊಡುತ್ತಾ ಹೋದರು. ಕೆ, ಜೆ, ಐ, ಎಚ್, ಜಿ. ಬ್ಯಾಟಲ್‌ಶಿಪ್‌ಗಳಿಗೆ ಎಲ್, ಎಮ್, ಎನ್ ಅಂತ ಮುಂದಕ್ಕೆ. ಪಕ್ಕದ 3 ಅಂದರೆ ಒಂದೊಂದು ಗೋಪುರದಲ್ಲಿ ಮೂರು ತೋಪು. ಮೊದಲಿನ ಕೆ ನಕ್ಷೆಗಳು 50,000 ಟನ್ ದಾಟಿದವು. ಅಷ್ಟು ದೊಡ್ಡ ಹಡಗನ್ನು ನಿಲ್ಲಿಸಿ ರಿಪೇರಿ ಮಾಡುವ ಡಾಕ್ ಎಲ್ಲಿಂದ ತರುವುದು? ಜೆಯಲ್ಲಿ ತೋಪು 15 ಇಂಚಿಗೆ ಇಳಿಯಿತು. ಐಯಲ್ಲಿ ಮತ್ತೆ 18 ಇಂಚಿಗೆ ಏರಿತು. ಎಚ್‌ನಲ್ಲಿ ತೂಕ ಉಳಿಸಲು ಒಂದು ಗೋಪುರವನ್ನೇ ತೆಗೆದರು, ಬರೀ ಆರು ತೋಪು ಉಳಿದವು. ಜಿಗೆ ಬಂದಾಗ 16 ಇಂಚಿನ ಒಂಬತ್ತು ತೋಪಿಗೆ ಒಪ್ಪಿಕೊಂಡರು. ಕೊನೆಗೆ ತೂಕ 48,400 ಟನ್. ಇವೇ ನೋಡಿ ಕಿತ್ತ ಗೂಟದ ಗುಂಡಿಗಳು. ನಿಮ್ಮ ಲೇಖನದಲ್ಲಿ ಇದ್ಯಾವುದೂ ಇಲ್ಲ.

ರದ್ದಾದ ರೀತಿಯೂ ಹಾಗೇ. 1921ರ ಅಕ್ಟೋಬರ್ ಕೊನೆಯ ಹೊತ್ತಿಗೆ ನಾಲ್ಕು ಹಡಗುಗಳ ಆರ್ಡರ್ ಹೋಯಿತು. ಸ್ವಾನ್ ಹಂಟರ್, ಬಿಯರ್ಡ್‌ಮೋರ್, ಫೇರ್‌ಫೀಲ್ಡ್, ಜಾನ್ ಬ್ರೌನ್, ಹೀಗೆ ಹಡಗು ಕಟ್ಟುವ ನಾಲ್ಕು ಕಂಪನಿಗಳಿಗೆ. ನವೆಂಬರ್ 12ರಂದು ವಾಷಿಂಗ್ಟನ್ ಸಮ್ಮೇಳನದ ಮೊದಲ ದಿನ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಎದ್ದು ನಿಂತ. ಸ್ವಾಗತ ಭಾಷಣ ಅಂತ ಎಲ್ಲರೂ ಕೂತಿದ್ದರೆ, ಯಾವ ದೇಶ ಯಾವ ಹಡಗು ನಿಲ್ಲಿಸಬೇಕು ಅಂತ ಪಟ್ಟಿಯನ್ನೇ ಓದಿದ. ಬ್ರಿಟನ್ನಿನ ಈ ನಾಲ್ಕೂ ಆ ಪಟ್ಟಿಯಲ್ಲಿದ್ದವು. ಆರೇ ದಿನ. ನವೆಂಬರ್ 18ಕ್ಕೆ ಕೆಲಸ ನಿಲ್ಲಿಸಲು ಹೇಳಿಕಳಿಸಿದರು. ಆ ಶಿಪ್‌ಯಾರ್ಡ್‌ಗಳ ಊರುಗಳಲ್ಲಿ ಎಷ್ಟು ಮನೆಗಳು ಈ ಆರ್ಡರ್ ನಂಬಿಕೊಂಡಿದ್ದವೋ! ಇದೆಲ್ಲ ಒಂದು ‘ಲಾಯಿತು’ಗೆ ಹಿಡಿಸುತ್ತದಾ?

ಇನ್ನು ನನಗೆ ನಿಜವಾಗಿ ಸಂಕಟವಾದ ಸಾಲು. ‘ಜಪಾನಿನ ಟೋಸಾ ನೌಕೆಯನ್ನು ಪರೀಕ್ಷೆಗಳಿಗೆ ಬಳಸಿ ಮುಳುಗಿಸಲಾಯಿತು.’ ಅಷ್ಟೇ. ಮುಂದಿನ ಪ್ಯಾರಾದಲ್ಲಿ ಅಮೆರಿಕ ಶುರು.

ಕೈಗೆ ಸಿಕ್ಕಿದ ನಿಧಿಯನ್ನು ಹೀಗೆ ದಾಟಿಹೋಗುತ್ತಾರಾ? ನಿಮ್ಮ ಪಟ್ಟಿಯ ಹಡಗುಗಳಲ್ಲಿ ಟೋಸಾ ಬರೀ ಕಾಗದ ಅಲ್ಲ. ನಾಗಸಾಕಿಯ ಮಿತ್ಸುಬಿಷಿ ಯಾರ್ಡಿನಲ್ಲಿ 1920ರ ಫೆಬ್ರವರಿಯಲ್ಲಿ ಕೀಲ್, ಅಂದರೆ ಹಡಗಿನ ತಳದ ಬೆನ್ನೆಲುಬು, ಇಟ್ಟರು. 1921ರ ಡಿಸೆಂಬರ್ 18ರಂದು ನೀರಿಗೆ ಇಳಿಸಿದರು. ಹ್ಯೂಸ್ ಭಾಷಣ ಆಗಿ ಒಂದು ತಿಂಗಳ ಮೇಲಾಗಿತ್ತು! ಆ ದಿನ ಹಡಗಿನ ಮೂತಿಗೆ ಕಟ್ಟಿದ್ದ ಕಾಗದದ ಅಲಂಕಾರದ ಚೆಂಡು ಬಿಚ್ಚಿಕೊಳ್ಳಲಿಲ್ಲ, ಬಣ್ಣದ ಚೂರುಗಳು ಉದುರಲಿಲ್ಲ. ಅಪಶಕುನ ಅಂದರು ಜನ. ಹತ್ತು ತೋಪು ಹೊರಬೇಕಿದ್ದ ಹಡಗು ಒಂದೂ ತೋಪಿಲ್ಲದೆ ಕುರೆ ನೌಕಾನೆಲೆಗೆ ಹೋಯಿತು.

1924ರಲ್ಲಿ ಅದರ ಮೇಲೆ ಅವರದೇ ನೌಕಾಪಡೆ ಗುಂಡು ಹೊಡೆದು ನೋಡಿತು. ಒಂದು 16 ಇಂಚಿನ ಗುಂಡು ಗುರಿ ತಪ್ಪಿತು. ಹಡಗಿಗಿಂತ ಸುಮಾರು 25 ಮೀಟರ್ ಮುಂಚೆಯೇ ನೀರಿಗೆ ಬಿತ್ತು. ತಪ್ಪಿದ ಗುಂಡು ಅಂದುಕೊಳ್ಳಬೇಕಲ್ವಾ? ಅದು ನೀರೊಳಗೇ ನುಗ್ಗಿ, ಕವಚ ಮುಗಿಯುವ ಕಡೆಗಿಂತ ಕೆಳಗೆ ಹೊಕ್ಕು ಸಿಡಿಯಿತು. ಸುಮಾರು 3,000 ಟನ್ ನೀರು ಒಳಗೆ ಬಂತು. ಆ ಒಂದು ಹೊಡೆತದಿಂದ ಜಪಾನೀಯರು ನೀರಿನೊಳಗೆ ಈಜುವ ಗುಂಡು ಮಾಡಲು ಕಲಿತರು. ಮುಂದೆ ಯಮಾಟೊ ಅನ್ನುವ ದೈತ್ಯ ಯುದ್ಧನೌಕೆ ಕಟ್ಟುವಾಗ ಕವಚವನ್ನು ಹಡಗಿನ ತಳದ ಕಡೆಗೆ ಇಳಿಸಿದ್ದಕ್ಕೂ ಇದೇ ಪಾಠ. 1925ರ ಫೆಬ್ರವರಿ 9ರಂದು ಬುಂಗೋ ಜಲಸಂಧಿಯ ಹತ್ತಿರ ಟೋಸಾವನ್ನು ಅವರೇ ಮುಳುಗಿಸಿದರು. ಯಾವತ್ತೂ ಯುದ್ಧಕ್ಕೆ ಹೋಗದ ಹಡಗು ಕಲಿಸಿದ್ದು ಇದು. ಇದನ್ನು ನೀವು ಒಂದು ಸಾಲಿನಲ್ಲಿ ಮುಗಿಸಿದ್ದೀರಿ, ಇಲ್ಲದ ಅಲೆಗಳಿಗೆ ಒಂದು ಪುಟ ಕೊಟ್ಟಿದ್ದೀರಿ.

ಟೋಸಾದ ಜೋಡಿ ಹಡಗು ಕಾಗಾ ಕೂಡ ಗುಜರಿಗೆ ಹೋಗಬೇಕಿತ್ತು. ವಿಮಾನವಾಹಕ ಆಗಬೇಕಿದ್ದದ್ದು ಅಮಾಗಿ ಅನ್ನುವ ಇನ್ನೊಂದು ಅರ್ಧ ಕಟ್ಟಿದ ಹಡಗು. 1923ರ ಸೆಪ್ಟೆಂಬರ್ 1ರ ಭೂಕಂಪ ಯೊಕೊಸುಕಾದಲ್ಲಿ ಅಮಾಗಿಯ ಒಡಲು ತಿರುಚಿತು. ಅದರ ಜಾಗಕ್ಕೆ ಕಾಗಾ ಬಂತು. ವಿಮಾನವಾಹಕವಾಗಿ ಯುದ್ಧಕ್ಕೆ ಹೋಗಿ 1942ರ ಜೂನ್ 4ರಂದು ಅಮೆರಿಕದ ಜೊತೆಗಿನ ಮಿಡ್‌ವೇ ಕದನದಲ್ಲಿ ಮುಳುಗಿತು. ನಿಮ್ಮ ಕೊನೇ ಪುಟದಲ್ಲಿ ‘ಈ ನೌಕೆಗಳು ಪೂರ್ಣಗೊಂಡಿದ್ದರೆ ಎರಡನೇ ಮಹಾಯುದ್ಧದ ಗತಿಯೇ ಬದಲಾಗುತ್ತಿತ್ತು’ ಅಂತಿದೆ. ಆ ಸಾಲು ತೆಗೆಯಿರಿ. ಅಲ್ಲಿ ಕಾಗಾ ಕಥೆ ಹಾಕಿ. ನಿಜವಾಗಿ ಏನು ಬದಲಾಯಿತು ಅಂತ ಅದು ತೋರಿಸುತ್ತದೆ.

ಅಮೆರಿಕದ ಭಾಗ, ಇಟಲಿಯ ಪ್ಯಾರಾ, ಕೋಷ್ಟಕ, ಇವುಗಳ ಬಗ್ಗೆ ಈಗ ಏನೂ ಹೇಳುವುದಿಲ್ಲ. ಮೊದಲು ಟೋಸಾ ಬರೆಯಿರಿ. ನಾಲ್ಕು ಪುಟ ಆದರೂ ಪರವಾಗಿಲ್ಲ. ಎಲ್ಲಿ ‘ಲಾಯಿತು’ ಬಂದರೂ ನಿಲ್ಲಿಸಿ, ಯಾರು ಅಂತ ಕೇಳಿಕೊಳ್ಳಿ. ಎಲ್ಲಿ ‘ಉತ್ತಿತ್ತು’ ಬಂದರೂ ಅದು ಆದದ್ದಾ, ಆಗಬೇಕಿದ್ದದ್ದಾ ಅಂತ ನೋಡಿ.

ಇನ್ನೊಂದು. ನಾಗಸಾಕಿಯ ಹತ್ತಿರ ಹಾಶಿಮಾ ಅಂತ ಹಿಂದೆ ಕಲ್ಲಿದ್ದಲು ಗಣಿಯಿದ್ದ ಒಂದು ಪುಟ್ಟ ದ್ವೀಪ ಇದೆ. ಕಾಂಕ್ರೀಟ್ ಕಟ್ಟಡಗಳಿಂದ ತುಂಬಿದ್ದ ಆ ದ್ವೀಪ ದೂರದಿಂದ ಟೋಸಾ ಹಾಗೇ ಕಾಣುತ್ತದೆ ಅಂತ ಜನ ಅದನ್ನು ‘ಗುಂಕಂಜಿಮಾ’, ಅಂದರೆ ಯುದ್ಧನೌಕೆ ದ್ವೀಪ, ಅಂತ ಕರೆದರು. ಇವತ್ತಿಗೂ ಹಾಗೇ ಕರೆಯುತ್ತಾರೆ. ಅದರ ಫೋಟೋ ಒಂದನ್ನು ಮುಂದಿಟ್ಟುಕೊಂಡು ಮೊದಲ ಪ್ಯಾರಾ ಬರೆದು ನನಗೆ ಕಳಿಸಿ. ಉಳಿದದ್ದು ಆಮೇಲೆ ನೋಡೋಣ.

ನಿಮ್ಮ,
ಸಂಪಾದಕ