ದೆವ್ವದ ಮನೆಗಳ ಪಟ್ಟಿಯನ್ನು ನಾವೇಕೆ ಅಚ್ಚು ಹಾಕುವುದಿಲ್ಲ

ಸುಂಟಿಕೊಪ್ಪದ ಕಡೆಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಕಕ್ಕಡವೆಂಬ ಮಳೆಗಾಲದ ತಿಂಗಳಿಗೆ ನಾವು ತಂದ ವಿಶೇಷ ಸಂಚಿಕೆಯಲ್ಲಿ ಮದ್ದು ಸೊಪ್ಪು, ಏಡಿ, ಕಣಿಲೆ, ನಾಟಿ ಗದ್ದೆ ಎಲ್ಲವೂ ಇದ್ದು ದೆವ್ವದ ಕತೆ ಮಾತ್ರ ಒಂದೂ ಇರಲಿಲ್ಲವೆಂಬುದು ಅವರ ಆಕ್ಷೇಪ. ಬೆಂಗಳೂರಿನಿಂದ ರಜೆಗೆ ಬಂದಿದ್ದ ಅವರ ಮಗ ಕೊಡಗಿನ ‘ಭಯಾನಕ ಜಾಗ’ಗಳ ಪಟ್ಟಿಯೊಂದನ್ನು ಮೊಬೈಲಿನಲ್ಲಿ ತೋರಿಸಿದನಂತೆ, ಅದರಲ್ಲಿ ತಮ್ಮ ತೋಟದ ಪಕ್ಕದ ದೊರೆ ಬಂಗಲೆಯೂ, ಅಂದರೆ ಹಿಂದಿನ ಯುರೋಪಿಯನ್ ತೋಟಗಾರನ ಮನೆಯೂ, ಸೇರಿತ್ತಂತೆ. ಅಂಥ ಪಟ್ಟಿಯನ್ನು ಊರಿನವರಾದ ನೀವೇ ಸರಿಯಾಗಿ ಮಾಡಿ ಪ್ರಕಟಿಸಬಾರದೇ, ಮಡಿಕೇರಿಯ ಬ್ರಹ್ಮರಾಕ್ಷಸನ ಕತೆ ನಿಜವೇ, ಓದಿದವರಾದ ನಿಮಗೆ ಅಜ್ಜಿಯರ ಕತೆಯೆಂದರೆ ನಾಚಿಕೆಯೇ ಎಂದು ಅವರು ಕೇಳಿದ್ದಾರೆ.

ಮಾನ್ಯರೇ,

ನಾಚಿಕೆಯ ಮಾತಿಗೆ ಮೊದಲು ಉತ್ತರಿಸುತ್ತೇನೆ. ನಾನು ಬೆಳೆದ ಮನೆಯಲ್ಲಿ ಮಳೆಗಾಲದ ನಾಲ್ಕು ತಿಂಗಳು ಕರೆಂಟು ಇದ್ದ ರಾತ್ರಿಗಳಿಗಿಂತ ಇಲ್ಲದ ರಾತ್ರಿಗಳೇ ಹೆಚ್ಚು. ದಿನದ ಮಳೆಯನ್ನು ಇಂಚಿನಲ್ಲಿ ಅಳೆದು ಕ್ಯಾಲೆಂಡರಿನಲ್ಲಿ ಬರೆದಿಟ್ಟು ಅಪ್ಪ ಮಲಗಿದ ಮೇಲೆ, ಒಲೆಯ ಕೆಂಡದಲ್ಲಿ ಹಲಸಿನ ಬೀಜ ಸುಡುತ್ತಾ ಅಜ್ಜಿ ಹೇಳುತ್ತಿದ್ದ ಕೊಳ್ಳಿ ದೆವ್ವದ ಕತೆ ನನಗೆ ಈಗಲೂ ಅವಳ ಧ್ವನಿಯಲ್ಲೇ ಕೇಳಿಸುತ್ತದೆ. ಆ ಕತೆಗಳ ಮೇಲಿನ ಪ್ರೀತಿಯಿಂದಲೇ ನಾನು ಪಟ್ಟಿಗೆ ಒಪ್ಪುತ್ತಿಲ್ಲ. ಏಕೆಂಬುದನ್ನು ವಿವರಿಸಲು ನಿಮ್ಮ ಎರಡನೆಯ ಪ್ರಶ್ನೆಯಿಂದಲೇ ಆರಂಭಿಸುವುದು ಒಳ್ಳೆಯದು.

ಮಡಿಕೇರಿಯ ಓಂಕಾರೇಶ್ವರ ದೇವಾಲಯವನ್ನು ಕೊಡಗನ್ನು ಆಳಿದ ಹಾಲೇರಿ ವಂಶದ ಲಿಂಗರಾಜೇಂದ್ರನು 1820ರಲ್ಲಿ ಕಟ್ಟಿಸಿದನು. ಮುಂದೆ ಕೊಳ, ಕೊಳದ ನಡುವೆ ಮಂಟಪ, ಗುಡಿಯ ಮೇಲೆ ಗುಮ್ಮಟ, ನಾಲ್ಕು ಮೂಲೆಗಳಲ್ಲಿ ಮಿನಾರುಗಳು: ಮೊದಲ ಸಲ ನೋಡುವವರು ಇದು ಶಿವಾಲಯವೇ ಎಂದು ಒಂದು ಕ್ಷಣ ನಿಲ್ಲುತ್ತಾರೆ. ಜನ ಹೇಳುವ ಕತೆಯ ಪ್ರಕಾರ, ಅರಸನು ತನ್ನ ದುರಾಸೆಗೆ ಅಡ್ಡಬಂದ ಸುಬ್ಬರಸಯ್ಯನೆಂಬ ಪ್ರಾಮಾಣಿಕ ಬ್ರಾಹ್ಮಣನನ್ನು ಕೊಲ್ಲಿಸಿದನು. ಸತ್ತವನು ಬ್ರಹ್ಮರಾಕ್ಷಸನಾಗಿ ಅರಸನ ನಿದ್ದೆ ಕೆಡಿಸಿದನು. ಬಲ್ಲವರ ಮಾತಿನಂತೆ ಕಾಶಿಯಿಂದ ಲಿಂಗವನ್ನು ತರಿಸಿ ಪ್ರತಿಷ್ಠಾಪಿಸಿದ ಮೇಲೆಯೇ ಆ ಕಾಟ ತಪ್ಪಿತು. ಕೊಲೆಯ ಕಾರಣವನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಆದರೆ ಸತ್ತವನು ನಿರಪರಾಧಿ ಎಂಬಲ್ಲಿ ನಾನು ಕೇಳಿದ ಯಾವ ಪಾಠದಲ್ಲಿಯೂ ವ್ಯತ್ಯಾಸವಿಲ್ಲ.

ಇದು ನಿಜವೇ ಎಂದರೆ, ಬ್ರಹ್ಮರಾಕ್ಷಸನನ್ನು ಕಂಡವರ ಸಾಕ್ಷ್ಯವನ್ನು ನಾನು ಒದಗಿಸಲಾರೆ. ಒಂದು ಸಂಗತಿಯನ್ನು ಮಾತ್ರ ನಿಮ್ಮ ಗಮನಕ್ಕೆ ತರುತ್ತೇನೆ. ದೇವಾಲಯವಾದ ಮೇಲೆ ಅರಸನಿಗೆ ನೆಮ್ಮದಿ ದೊರೆಯಿತೆಂದು ಕತೆ ಹೇಳುತ್ತದೆ. ಲಿಂಗರಾಜೇಂದ್ರ ತೀರಿಕೊಂಡದ್ದೂ ಅದೇ 1820ರಲ್ಲಿ. ನೆಮ್ಮದಿಯೆಂದರೆ ಕೆಲವೇ ತಿಂಗಳು. ಆ ಕಾಲದಲ್ಲಿ ಅರಸನು ಒಬ್ಬನನ್ನು ಕೊಲ್ಲಿಸಿದರೆ ದೂರು ಕೊಡಲು ಯಾವ ಚಾವಡಿ ಇತ್ತು? ಕೇಳುವ ನ್ಯಾಯಾಧೀಶನೂ ಅರಸನೇ ಆಗಿದ್ದನು. ಹೀಗಿರುವಾಗ, ಸತ್ತವನೇ ಎದ್ದು ಬಂದು ಅರಮನೆಯ ಬಾಗಿಲು ತಟ್ಟಿದನೆಂದು ಹೇಳುವುದರ ಮೂಲಕ ಊರಿನ ಜನ ತಾವು ಬಾಯಿಬಿಟ್ಟು ಹೇಳಲಾಗದ ತೀರ್ಪನ್ನು ಹೇಳಿದರೆಂದು ನಾನು ತಿಳಿಯುತ್ತೇನೆ. ಅರಸೊತ್ತಿಗೆ 1834ರಲ್ಲಿ ಮುಗಿದು, ಮಗ ಚಿಕ್ಕವೀರರಾಜೇಂದ್ರ ಕಾಶಿಗೂ ಅಲ್ಲಿಂದ ಲಂಡನ್ನಿಗೂ ಹೋಗಿ 1859ರಲ್ಲಿ ಅಲ್ಲಿಯೇ ತೀರಿಕೊಂಡನು. ಸುಬ್ಬರಸಯ್ಯನ ಹೆಸರನ್ನಾದರೋ ಮಡಿಕೇರಿಯಲ್ಲಿ ಕೊಳದ ಮೀನಿಗೆ ಮಂಡಕ್ಕಿ ಹಾಕುವ ಮಕ್ಕಳಿಗೆ ಅಮ್ಮಂದಿರು ಇಂದಿಗೂ ಹೇಳುತ್ತಾರೆ.

ಪಟ್ಟಿ ಮಾಡುವವರು ಈ ಕತೆಯನ್ನು ಏನು ಮಾಡುತ್ತಾರೆಂದು ನೋಡಿ. ‘ಓಂಕಾರೇಶ್ವರ ದೇವಾಲಯ: ಬ್ರಹ್ಮರಾಕ್ಷಸನ ಕಾಟವಿದ್ದ ಸ್ಥಳ’ ಎಂದು ಒಂದು ಸಾಲು ಬರೆಯುತ್ತಾರೆ. ಕೊಂದವನು ಯಾರು, ಸತ್ತವನು ಯಾರು ಎಂಬುದು ಬಿದ್ದುಹೋಗಿ ವಿಳಾಸ ಮಾತ್ರ ಉಳಿಯುತ್ತದೆ. ಯವಕಪಾಡಿಯ ನಾಲ್ಕುನಾಡು ಅರಮನೆಗೂ ಇದೇ ಗತಿಯಾಗಿದೆ. ದೊಡ್ಡವೀರರಾಜೇಂದ್ರನು ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ 1792ರಿಂದ 1794ರ ನಡುವೆ ಕಟ್ಟಿಸಿದ, ಕೊನೆಯ ಅರಸನಿಗೆ ಕೊನೆಯ ಆಸರೆಯಾದ ಆ ಮನೆಯ ಕತ್ತಲ ಕೋಣೆಗಳಲ್ಲಿ ನಿಂತು ಕಿರುಚಿ, ಅದನ್ನು ಚಿತ್ರೀಕರಿಸಿಕೊಂಡು ಹೋಗುವವರು ಅಲ್ಲಿ ಯಾರು ಯಾರಿಗೆ ಹೆದರಿ ಅಡಗಿದ್ದರೆಂದು ಕೇಳುವುದಿಲ್ಲ.

ಈಗ ನಿಮ್ಮ ಪಕ್ಕದ ಬಂಗಲೆಯ ವಿಷಯ. ನಡುರಾತ್ರಿ ಕುದುರೆಯ ಗೊರಸಿನ ಸದ್ದು ಕೇಳುತ್ತದೆ, ಮೆಟ್ಟಿಲ ಬಳಿ ಬಂದು ನಿಲ್ಲುತ್ತದೆ, ದೊರೆ ಇಳಿಯುತ್ತಾನೆ ಎಂದು ಬರೆದಿದ್ದೀರಿ. ಮಂಗಳೂರು ಹೆಂಚಿನ ಹಳೆಯ ಮನೆಯ ಅಟ್ಟದಲ್ಲಿ ಮರಬೆಕ್ಕು ಓಡಾಡಿದರೆ ಎಂಥ ಸದ್ದಾಗುತ್ತದೆಂಬುದು ತೋಟದಲ್ಲಿ ಮಲಗಿದವರಿಗೆಲ್ಲ ಗೊತ್ತು. ಕಾಡುಕುರಿಯ ಬೊಗಳು ಹೊಸಬರ ಎದೆ ನಡುಗಿಸುತ್ತದೆ. ನಮ್ಮ ಕಾಡಿನ ದೊಡ್ಡ ಗೂಬೆಯೊಂದು ಹೆಂಗಸು ಚೀರಿದಂತೆಯೇ ಕೂಗುತ್ತದೆ. ಶ್ರೀಲಂಕಾದಲ್ಲಿ ದೆವ್ವದ ಹಕ್ಕಿಯೆಂದು ಹೆಸರಾದ ‘ಉಲಮಾ’ ಇದೇ ಗೂಬೆಯೆಂದು ಹಲವರು ಅಭಿಪ್ರಾಯಪಡುತ್ತಾರೆ. ನಡುರಾತ್ರಿ ಜೋಡಿ ಗುಂಡಿನ ಸದ್ದು ಕೇಳಿ ನಡುಗಿದ ಪ್ರವಾಸಿಗರೊಬ್ಬರು ಒಮ್ಮೆ ನನ್ನನ್ನು ವಿಚಾರಿಸಿದಾಗ, ಕೊಡವರ ಮನೆಯಲ್ಲಿ ಸಾವಾದರೆ ಊರಿಗೆ ತಿಳಿಸುವ ಕ್ರಮ ಅದೆಂದು ಹೇಳಬೇಕಾಯಿತು. ಇಷ್ಟೆಲ್ಲ ಹೇಳಿದರೂ ನಿಮ್ಮ ಕತೆ ಮುಗಿಯುವುದಿಲ್ಲ, ಮುಗಿಯಲೂಬಾರದು. ಸದ್ದು ಮರಬೆಕ್ಕಿನದೇ ಇರಲಿ, ಕೇಳಿದವರಿಗೆ ಅದು ಕುದುರೆಯೆಂದೇ ಏಕೆ ತೋರಿತು?

ಮಡಿಕೇರಿಯ ಬಳಿ 1854ರಲ್ಲಿ ಮೊದಲ ಯುರೋಪಿಯನ್ ಕಾಫಿ ತೋಟ ಆರಂಭವಾದ ಮೇಲೆ ಕಾಡು ಕಡಿದು ತೋಟ ಮಾಡಿದವರು, ಮೇಸ್ತ್ರಿಗಳು ಮುಂಗಡ ಕೊಟ್ಟು ಮೈಸೂರು ಸೀಮೆಯಿಂದ, ತಮಿಳು, ಮಲಯಾಳ ನಾಡುಗಳಿಂದ ಕರೆತಂದ ಕೂಲಿಗಳು. ಅವರ ಜೊತೆಗೆ ಇಲ್ಲಿನ ಬುಡಕಟ್ಟುಗಳಾದ ಎರವರು, ಕುರುಬರು. ಬೆಳಗಿನ ಮಂಜಿನಲ್ಲಿ ಕುದುರೆಯ ಸದ್ದು ಕೂಲಿಗಳ ಸಾಲುಮನೆಗಳಾದ ಲೈನ್ ಮನೆಗಳತ್ತ ಬಂತೆಂದರೆ ದೊರೆ ಲೆಕ್ಕ ನೋಡಲು ಬಂದನೆಂದೇ ಅರ್ಥ. ಜ್ವರದಲ್ಲಿ ಮಲಗಿದವನೂ ಎದ್ದು ನಿಲ್ಲಬೇಕಾಗಿದ್ದ ಆ ಹೆದರಿಕೆಯನ್ನು ಯಾವ ತೋಟದ ದಫ್ತರದಲ್ಲಿಯೂ ಯಾರೂ ಬರೆದಿಡಲಿಲ್ಲ. ದೊರೆ ಹೋಗಿ ಎಷ್ಟೋ ತಲೆಮಾರು ಕಳೆದ ಮೇಲೂ ಕುದುರೆ ಹೋಗಿಲ್ಲವೆಂದು ಲೈನ್ ಮನೆಯ ಹೆಂಗಸರು ಹೇಳುತ್ತಿದ್ದರೆ, ಅದನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಬೇಕು. ಹೋಂಸ್ಟೇಯ ಜಾಹೀರಾತಿನಲ್ಲಿ ಕುದುರೆ ಬಂದಿದೆ, ಅವರು ಬಂದಿಲ್ಲ.

ನಾನು ಪಟ್ಟಿಗೆ ಒಪ್ಪದಿರುವುದಕ್ಕೆ ಇನ್ನೊಂದು ಕಾರಣವಿದೆ. ಅದು ನಮ್ಮ ಪತ್ರಿಕೆಯದೇ ತಪ್ಪು. ಹಲವು ವರ್ಷಗಳ ಹಿಂದೆ ಪಾಳುಬಿದ್ದಂತೆ ಕಾಣುವ ಮನೆಯೊಂದರ ಬಗ್ಗೆ ನಾವು ಲೇಖನ ಪ್ರಕಟಿಸಿದೆವು. ಊರಿನ ಹೆಸರು ಹಾಕಿರಲಿಲ್ಲ. ಆದರೆ ತಿರುವು, ಸೇತುವೆ, ಅಂಗಳದ ಸಂಪಿಗೆ ಮರ ಎಲ್ಲವನ್ನೂ ವರ್ಣಿಸಿದ್ದೆವು, ಆ ಕಡೆಯವರಿಗೆ ಅಷ್ಟೇ ಸಾಕಾಗಿತ್ತು. ಒಂದು ತಿಂಗಳ ನಂತರ ವಯಸ್ಸಾದ ಹೆಂಗಸೊಬ್ಬರು ನಮ್ಮ ಕಚೇರಿಗೆ ಬಂದು ಆ ಸಂಚಿಕೆಯನ್ನು ಮೇಜಿನ ಮೇಲಿಟ್ಟರು. ಆ ಮನೆ ಅವರದು; ಹಿಂಭಾಗದ ಎರಡು ಕೋಣೆಗಳಲ್ಲಿ ಅವರು ಒಬ್ಬರೇ ವಾಸವಾಗಿದ್ದರು. ಕಾಫಿ ಕುಯ್ಲಿನ ಹೊತ್ತಿಗೆ ಸರಿಯಾಗಿ ಆಳುಗಳು ಬರುವುದು ನಿಂತಿತ್ತು, ಹಣ್ಣು ಗಿಡದಲ್ಲೇ ಒಣಗಿ ಉದುರುತ್ತಿತ್ತು, ರಾತ್ರಿ ಹೊತ್ತು ಹುಡುಗರು ಜೀಪಿನಲ್ಲಿ ಬಂದು ಕಿಟಕಿಗೆ ಟಾರ್ಚು ಬಿಡುತ್ತಿದ್ದರು. ಅವರು ನಮ್ಮನ್ನು ಬೈಯಲಿಲ್ಲ. ಲೇಖನದ ನಡುವೆ ಇದ್ದ ‘ಬಾವಿಯ ಬಳಿ ಕಾಣುವ ಬಿಳಿ ಸೀರೆಯ ಹೆಣ್ಣು’ ಎಂಬ ಮಾತಿನ ಮೇಲೆ ಬೆರಳಿಟ್ಟು, “ಇವಳು ನನ್ನ ಮಗಳು” ಎಂದರು. ಮುಂದಿನ ಸಂಚಿಕೆಯಲ್ಲಿ ನಾವು ಕ್ಷಮೆ ಕೇಳಿದೆವು. ಕ್ಷಮೆಯನ್ನು ಓದಿದವರಿಗಿಂತ ಕತೆಯನ್ನು ಓದಿದವರು ಬಹಳ ಹೆಚ್ಚಾಗಿದ್ದರು.

ಆ ದಿನದಿಂದ ನಾನು ಕೊಡಗಿನಲ್ಲಿ ಸತ್ತವರನ್ನು ನಡೆಸಿಕೊಳ್ಳುವ ಕ್ರಮದ ಬಗ್ಗೆ ಹೆಚ್ಚು ಯೋಚಿಸಿದ್ದೇನೆ. ಇಲ್ಲಿ ಸತ್ತವರು ಮನೆಯಿಂದ ಹೊರಗಿನವರಲ್ಲ. ಕೊಡವರ ಐನ್‌ಮನೆಯ, ಅಂದರೆ ಕುಲದ ಮೂಲಮನೆಯ ಬಳಿ ಹಿರಿಯರ ಗುಡಿಯಾದ ಕೈಮಡವಿರುತ್ತದೆ, ಒಳಗೆ ಹಿರಿಯರಿಗೆ ಮೀಸಲಾದ ಕನ್ನಿ ಕೋಂಬರೆ ಎಂಬ ಕೋಣೆಯಿರುತ್ತದೆ. ಕಾರಣರಿಗೆ, ಅಂದರೆ ತೀರಿಕೊಂಡ ಹಿರಿಯರಿಗೆ, ಅನ್ನ, ಮಾಂಸ, ಮದ್ಯವನ್ನು ಎಲೆಯಲ್ಲಿಟ್ಟು ಮೀದಿ ಎಂಬ ಎಡೆ ಕೊಡುತ್ತಾರೆ. ಹಿರಿಯನು ಮೈಮೇಲೆ ಬರುವ ಕಾರಣ ತೆರೆಯ ರಾತ್ರಿಯಲ್ಲಂತೂ ಅವನು ತೆರೆ ಕಟ್ಟಿದವನ, ಅಂದರೆ ವೇಷ ಧರಿಸಿದವನ ಬಾಯಿಂದ ಮಾತಾಡಿ, ಜಗಳವಾಡಿದ ಅಣ್ಣತಮ್ಮಂದಿರನ್ನು ಗದರಿಸುತ್ತಾನೆ, ಮಕ್ಕಳನ್ನು ಹರಸುತ್ತಾನೆ. ಅರೆಭಾಷೆಯಾಡುವ ಗೌಡರಲ್ಲಿಯೂ ಗುರುಹಿರಿಯರಿಗೆ ಬಡಿಸುವ ಪದ್ಧತಿಯಿದೆ. ಘಟ್ಟದ ಕೆಳಗಿನ ತುಳುನಾಡಿನಲ್ಲಿ, ಮದುವೆಯಾಗದೆ ಸತ್ತ ಮಕ್ಕಳಿಗೆ ವಯಸ್ಸು ಬಂತೆಂದು ಲೆಕ್ಕ ಹಾಕಿ, ಹಾಗೆಯೇ ಸತ್ತ ಇನ್ನೊಂದು ಮನೆಯ ಮಗುವನ್ನು ಹುಡುಕಿ ಪ್ರೇತ ಮದುವೆ ಮಾಡಿಸುತ್ತಾರೆ. ಹೀಗೆ ಎಲೆ ಹಾಕಿಸಿಕೊಂಡವರನ್ನು ನಾವು ಕಾರಣರೆನ್ನುತ್ತೇವೆ. ಎಲೆ ಹಾಕುವವರಿಲ್ಲದವರು, ಹಾದಿಯಲ್ಲಿ ಸತ್ತವರು, ಊರು ಬಿಟ್ಟು ಬಂದು ತೋಟದಲ್ಲಿ ಸತ್ತವರು, ಬಾವಿಗೆ ಬಿದ್ದವರು ಮಾತ್ರ ನಮ್ಮ ಬಾಯಲ್ಲಿ ದೆವ್ವಗಳಾಗುತ್ತಾರೆ. ಆ ತಾಯಿಯ ಮಗಳಿಗೆ ಎಲೆ ಹಾಕುವವರು ಒಬ್ಬರಿದ್ದರು. ನಾವು ಆಕೆಯನ್ನು ಕೇಳದೆಯೇ ಮಗಳನ್ನು ದೆವ್ವ ಮಾಡಿದ್ದೆವು.

2018ರ ಆಗಸ್ಟಿನಲ್ಲಿ ಮಕ್ಕಂದೂರು, ಕಾಲೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳು ಜರಿದ ಮೇಲೆ, ಬಿಟ್ಟುಹೋದ ಮನೆಗಳಿಂದ ಕೂಗು ಕೇಳುತ್ತದೆಂಬ ಬರಹಗಳು ನಮಗೂ ಬಂದವು. ಎರಡು ವರ್ಷದ ನಂತರ ತಲಕಾವೇರಿಯ ಬೆಟ್ಟ ಕುಸಿದು ಅರ್ಚಕರ ಮನೆಯೇ ಮಣ್ಣಾದಾಗಲೂ ಬಂದವು. ಎಲ್ಲವನ್ನೂ ಹಿಂದಿರುಗಿಸಿದೆವು. ಅಲ್ಲಿ ಸತ್ತವರ ಮಕ್ಕಳು ನಮ್ಮ ಓದುಗರು.

ಹೆದರಿಕೆಯ ಕತೆಗಳೆಲ್ಲ ಕೇಡಿನವು ಎಂದು ನಾನು ಹೇಳುತ್ತಿಲ್ಲ. ಮುಸ್ಸಂಜೆಯಲ್ಲಿ ಹೊಳೆಯ ದಂಡೆಗೆ, ಬಿದಿರು ಮೆಳೆಗೆ ಹೋದರೆ ಗಾಳಿ ಸೋಕುತ್ತದೆಂದು ಅಜ್ಜಿ ತಡೆಯುತ್ತಿದ್ದಳು. ಮಲೆನಾಡಿನ ಮಲೇರಿಯಾ ಹರಡುತ್ತಿದ್ದ ಸೊಳ್ಳೆ ಹರಿಯುವ ತೊರೆಗಳಲ್ಲಿ ಹುಟ್ಟಿ ಕತ್ತಲಾದ ಮೇಲೆ ಕಚ್ಚುವಂಥದೆಂದು ಆಮೇಲೆ ಓದಿದಾಗ ಅವಳ ಮಾತಿನ ತೂಕ ತಿಳಿಯಿತು. ಸೊಪ್ಪು ಕಿತ್ತರೂ ದೈವ ಬಿಡದು ಎಂಬ ಭಯವು ದೇವರಕಾಡುಗಳನ್ನು ಶತಮಾನಗಳ ಕಾಲ ಕೊಡಲಿಯಿಂದ ಕಾಪಾಡಿತು. ಅಯ್ಯಪ್ಪನಿಗೆ ಹರಕೆಯ ಮಣ್ಣಿನ ನಾಯಿಗಳು ಸಾಲಾಗಿ ಕುಳಿತಿರುವ ಕಾಡಿಗೆ ಕತ್ತಲಲ್ಲಿ ಕಾಲಿಡಲು ಈಗಲೂ ಯಾರಿಗೂ ಧೈರ್ಯವಿಲ್ಲ. ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. 1905ರಲ್ಲಿ 6,000 ಹೆಕ್ಟೇರಿಗೂ ಮಿಕ್ಕಿದ್ದ ಅವುಗಳ ವಿಸ್ತಾರ 1985ರ ಹೊತ್ತಿಗೆ 2,500 ಹೆಕ್ಟೇರಿನ ಆಸುಪಾಸಿಗೆ ಇಳಿದಿತ್ತು. ಆ ಕಾಡುಗಳ ಕತೆಗಳನ್ನು ನಾವು ಸಂತೋಷದಿಂದ ಪ್ರಕಟಿಸುತ್ತೇವೆ.

ಆದ್ದರಿಂದ ಬರುವ ಕಕ್ಕಡಕ್ಕೆ ನಿಮ್ಮ ಮಾತಿನಂತೆ ಕತೆಗಳ ಸಂಚಿಕೆಯನ್ನೇ ತರೋಣ. ಹೇಳಿದವರು ಯಾರು, ಅವರಿಗೆ ಹೇಳಿದವರು ಯಾರು ಎಂಬುದು ಬರಹದಲ್ಲಿ ಇರಬೇಕು. ಸತ್ತವರಿಗೆ ಏನಾಗಿತ್ತೆಂದು ಕತೆ ಹೇಳುತ್ತದೆಯೋ ಅದನ್ನು ಬಿಡಬಾರದು. ಜನ ವಾಸವಿರುವ ಮನೆಯಾದರೆ ಗುರುತು ಹತ್ತದಂತೆ ಬರೆಯಬೇಕು, ಮನೆಯವರ ಒಪ್ಪಿಗೆಯನ್ನೂ ಕೇಳಿರಬೇಕು.

ನಿಮ್ಮ ಪತ್ರದ ಮೂರನೆಯ ಪುಟದ ಅಂಚಿನಲ್ಲಿ, ಕುದುರೆಯ ಸದ್ದನ್ನು ಮೊದಲು ಕೇಳಿದ್ದು ನಿಮ್ಮ ಮನೆಯಲ್ಲಿ ಕೆಲಸಕ್ಕಿದ್ದ ಎರವರ ಅಜ್ಜಿಯೆಂದೂ, ಸದ್ದು ಕೇಳಿದ ಕೂಡಲೇ ಅವಳು ಒಲೆಯ ಬೆಂಕಿ ಆರಿಸಿ ಮಕ್ಕಳ ಬಾಯಿ ಮುಚ್ಚುತ್ತಿದ್ದಳೆಂದೂ ಸಣ್ಣ ಅಕ್ಷರದಲ್ಲಿ ಬರೆದಿದ್ದೀರಿ. ಅವಳ ಮೊಮ್ಮಕ್ಕಳು ಈಗಲೂ ನಿಮ್ಮ ಲೈನಿನಲ್ಲೇ ಇದ್ದಾರೆಂದು ತಿಳಿದು ಸಂತೋಷವಾಯಿತು. ಕುಯ್ಲು ಮುಗಿದ ಮೇಲೆ, ಅವರು ಒಪ್ಪಿದರೆ, ನಾನೇ ಬಂದು ಅವರ ಜೊತೆ ಕುಳಿತು ಆ ಕತೆಯನ್ನು ಬರೆದುಕೊಳ್ಳುತ್ತೇನೆ. ಯಾವ ವಾರ ಅನುಕೂಲವೆಂದು ಅವರನ್ನೇ ಕೇಳಿ ತಿಳಿಸಿ.

— ಸಂಪಾದಕ