ಹೊಸ ಬಂದೂಕಿನಲ್ಲಿ ಸುಟ್ಟ ತೋಟಾ ಸಿಕ್ಕಿಕೊಳ್ಳುತ್ತಿದ್ದರೆ ಚೇಂಬರನ್ನು ಎಮರಿಯಿಂದ ಉಜ್ಜಿಸಬಹುದೇ?

ಹೇಳಿ ಮಾಡಿಸಿದ ಹೊಸ ಹನ್ನೆರಡು ಬೋರಿನ ಒಂಟಿನಳಿಗೆ ಬಂದೂಕಿನಲ್ಲಿ ಹೊಡೆದ ತೋಟಾ ಹೊರಗೆ ಬರುತ್ತಿಲ್ಲ, ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಚೇಂಬರನ್ನು ಎಮರಿ ಕಾಗದದಿಂದ ಉಜ್ಜಿಸಲೋ ಅಥವಾ ಖಾಲಿ ತೋಟಾವನ್ನು ಹೊರಗೆಳೆಯುವ ಎಕ್ಸ್‌ಟ್ರ್ಯಾಕ್ಟರನ್ನು ಗಟ್ಟಿಯಾದುದು ಹಾಕಿಸಲೋ ಎಂದು ಕೇಳಿದ್ದೀರಿ. ದಯವಿಟ್ಟು ಎರಡನ್ನೂ ಮಾಡಿಸಬೇಡಿ. ನಾನು ಮೊದಲನೆಯದನ್ನು ಮಾಡಿ ಒಂದು ಒಳ್ಳೆಯ ನಳಿಗೆಯನ್ನು ಕೈಯಾರೆ ಕೆಡಿಸಿದ್ದೇನೆ.

ನಮ್ಮ ಹೊಲ ಚಿಂಚೋಳಿ ತಾಲ್ಲೂಕಿನಲ್ಲಿದೆ. ಶೇಂಗಾ ಬಲಿಯುವ ಹೊತ್ತಿಗೆ ಕಾಡಿನ ಕಡೆಯಿಂದ ಹಂದಿಗಳು ಹಿಂಡಾಗಿ ಇಳಿದು, ಒಂದೇ ರಾತ್ರಿಯಲ್ಲಿ ಅರ್ಧ ಎಕರೆಯನ್ನು ಉತ್ತಂತೆ ಮಾಡಿ ಹೋಗುತ್ತವೆ. 1972ರ ವನ್ಯಜೀವಿ ಕಾಯ್ದೆಯ ನಂತರ ನಮ್ಮಲ್ಲಿ ಬೇಟೆಯ ಮಾತೇ ಇಲ್ಲ. ಅಪ್ಪನ ಕಾಲದಿಂದಲೂ ನಮ್ಮದು ಬೆಳೆ ರಕ್ಷಣೆಯ ಲೈಸೆನ್ಸು, ಗಾಳಿಯಲ್ಲಿ ಒಂದೆರಡು ಗುಂಡು ಹಾರಿಸಿ ಹಂದಿಗಳನ್ನು ಓಡಿಸುವುದಷ್ಟೇ ಬಂದೂಕಿನ ಕೆಲಸ. ಅಪ್ಪನ ಹಳೆಯ ಬಂದೂಕಿನ ಬೀಗ ಸವೆದು ನಳಿಗೆ ಅಲುಗಾಡತೊಡಗಿದಾಗ, ಲೈಸೆನ್ಸ್ ಇರುವ ತಯಾರಕರೊಬ್ಬರಲ್ಲಿ ಹೊಸದನ್ನು ಮಾಡಿಸಿದೆ. ನಳಿಗೆಯ ಉದ್ದ, ಹಿಡಿಯ ತೂಕ, ಎಲ್ಲವೂ ಅಪ್ಪನ ಬಂದೂಕಿನಂತೆಯೇ ಇರಬೇಕೆಂದು ಒತ್ತಿ ಹೇಳಿದ್ದೆ. ಅವರು ಹೇಳಿದಂತೆಯೇ ಮಾಡಿಕೊಟ್ಟರು. ಈ ಮಾತನ್ನು ಗಮನದಲ್ಲಿಡಿ.

ಹೊಸ ಬಂದೂಕು ಬಂದ ವಾರದಲ್ಲಿಯೇ ತೊಂದರೆ ಶುರುವಾಯಿತು. ಹೊಡೆದ ಮೇಲೆ ಖಾಲಿ ತೋಟಾ ತೆಗೆಯಲು ಬಂದೂಕನ್ನು ನಡುವಿನಲ್ಲಿ ಮಡಚಲು ಮೊಣಕಾಲಿನ ಮೇಲಿಟ್ಟು ಒತ್ತಬೇಕಾಗುತ್ತಿತ್ತು, ಮಡಚಿದರೂ ಖಾಲಿ ತೋಟಾ ಒಂದು ಬೆರಳಿನಷ್ಟೂ ಮೇಲೇಳುತ್ತಿರಲಿಲ್ಲ. ಹೆಗಲಿಗೆ ಬೀಳುವ ಏಟೂ ಹಳೆಯದಕ್ಕಿಂತ ಜೋರಾಗಿತ್ತು. ಆದರೆ ಅದೇ ರಾತ್ರಿ ಅಪ್ಪನ ಡಬ್ಬಿಯಲ್ಲಿ ಉಳಿದಿದ್ದ ಎರಡು ಹಳೆಯ ತೋಟಾಗಳನ್ನು ಹೊಡೆದಾಗ ಅವು ಬೆರಳಿಗೆ ಸಲೀಸಾಗಿ ಬಂದವು. ಅಲ್ಲಿಯೇ ನಾನು ನಿಂತು ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಹೊಸ ಬಂದೂಕೆಂದರೆ ಒಳಗೆ ಒರಟಾಗಿಯೇ ಇರುತ್ತದೆ, ಸ್ವಲ್ಪ ಉಜ್ಜಿದರೆ ಸರಿಹೋಗುತ್ತದೆ ಎಂದು ತೀರ್ಮಾನಿಸಿದೆ. ಬಿದಿರಿನ ಕೋಲಿಗೆ ಎಮರಿ ಕಾಗದ ಸುತ್ತಿ, ಅದನ್ನು ಡ್ರಿಲ್ ಯಂತ್ರಕ್ಕೆ ಸಿಕ್ಕಿಸಿ, ಚೇಂಬರಿನೊಳಗೆ ಬಿಟ್ಟು ಓಡಿಸಿದೆ. ಒಳಗೆ ಕನ್ನಡಿಯಂತೆ ಹೊಳೆಯಿತು. ಮಾರನೆಯ ದಿನ ಹೊಡೆದ ತೋಟಾ ಮೊದಲಿಗಿಂತ ಗಟ್ಟಿಯಾಗಿ ಕೂತುಕೊಂಡಿತು.

ಆ ಹೊಳಪು ಏಕೆ ನಳಿಗೆಯನ್ನೇ ತಿಂದಿತೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನೀವೂ ಅದೇ ಹೊಸ್ತಿಲಲ್ಲಿ ನಿಂತಿದ್ದೀರಿ. ಹನ್ನೆರಡು ಬೋರಿನ ಚೇಂಬರು ನೇರವಾದ ಕೊಳವೆಯಲ್ಲ. ಹಿಂಬದಿಯಲ್ಲಿ ಅದರ ವ್ಯಾಸ ಸುಮಾರು 20.6 ಮಿಲಿಮೀಟರ್, ಮುಂದೆ ಹೋಗುತ್ತಾ ಸುಮಾರು 20.3ಕ್ಕೆ ಇಳಿಯುತ್ತದೆ. ಹೊಡೆದಾಗ ತೋಟಾದ ಹಿತ್ತಾಳೆ ಬುಡವೂ ಪ್ಲಾಸ್ಟಿಕ್ ಮೈಯೂ ಉಬ್ಬಿ ಗೋಡೆಗೆ ಒತ್ತಿಕೊಳ್ಳುತ್ತವೆ, ಒತ್ತಡ ಇಳಿದ ಕೂಡಲೇ ತುಸು ಕುಗ್ಗುತ್ತವೆ. ಆಮೇಲೆ ತೋಟಾ ಕೂದಲೆಳೆಯಷ್ಟು ಹಿಂದೆ ಸರಿದರೆ ಸಾಕು, ಆ ಇಳಿಜಾರಿನಿಂದಾಗಿ ಸುತ್ತಲೂ ಸಡಿಲವಾಗುತ್ತದೆ. ತೋಟಾ ಹೊರಬರುವುದೇ ಈ ಇಳಿಜಾರಿನ ಬಲದಿಂದ. ಕೈಯಲ್ಲಿ ಹಿಡಿದ ಡ್ರಿಲ್ಲಿಗೆ ಇಳಿಜಾರು ಗೊತ್ತಿಲ್ಲ. ಕೋಲು ಹಿಂದೆ ಮುಂದೆ ಆಡುವಾಗ ಎಮರಿ ಹೆಚ್ಚು ಹೊತ್ತು ಉಜ್ಜುವುದು ನಡುವಿನಲ್ಲಿ. ಆದ್ದರಿಂದ ನಡುವೆ ಕಣ್ಣಿಗೆ ಕಾಣದ ಹೊಟ್ಟೆಯೊಂದು ಮೂಡುತ್ತದೆ. ಮುಂದಿನ ಬಾರಿ ಹೊಡೆದ ತೋಟಾ ಆ ಹೊಟ್ಟೆಯೊಳಗೆ ಉಬ್ಬಿ ಕೂರುತ್ತದೆ, ಆಮೇಲೆ ತನಗಿಂತ ಕಿರಿದಾದ ಬಾಯಿಯಿಂದ ಅದನ್ನು ಎಳೆಯಬೇಕಾಗುತ್ತದೆ. ಒರಟು ಗೋಡೆಯನ್ನು ತಿಳಿದವರು ಹದವಾಗಿ ನುಣುಪು ಮಾಡಬಲ್ಲರು, ಆದರೆ ಹೊಟ್ಟೆ ಬಂದ ಚೇಂಬರಿನಲ್ಲಿ ತೆಗೆದ ಉಕ್ಕನ್ನು ಮತ್ತೆ ಹಚ್ಚಲು ಬರುವುದಿಲ್ಲ. ನನಗೆ ಹೊಸ ನಳಿಗೆಯನ್ನೇ ಹಾಕಿಸಬೇಕಾಯಿತು, ಎರಡು ಹಂಗಾಮು ಹೊಲವನ್ನು ತಗಡು ಬಡಿದು ಕಾದೆವು.

ಲೈಸೆನ್ಸ್ ಇರುವ ದುರಸ್ತಿಗಾರರಲ್ಲಿಗೆ ಹೋದಾಗ ಆ ಹಿರಿಯರು ಬಂದೂಕನ್ನು ಪಕ್ಕಕ್ಕಿಟ್ಟು, “ನಳಿಗಿ ಆಮ್ಯಾಲ ನೋಡ್ತೀನ್ರಿ, ಮೊದ್ಲ ಖಾಲಿ ತೋಟಾ ತೋರಸ್ರಿ” ಎಂದರು. ನನ್ನ ಜೇಬಿನಲ್ಲಿದ್ದ ತೋಟಾದ ಬಾಯಿ ಎಳೆದು ಹರಿದಂತೆ ತೆಳ್ಳಗಾಗಿತ್ತು. ಅವರು ನಳಿಗೆಯನ್ನು ಬಿಚ್ಚಿ, ಅದರ ಅಡಿಯಲ್ಲಿ ಒತ್ತಿದ್ದ 65 ಎಂಬ ಅಂಕಿಯನ್ನು ತೋರಿಸಿದರು, ಅದು ಚೇಂಬರಿನ ಉದ್ದ, ಮಿಲಿಮೀಟರಿನಲ್ಲಿ. ನನ್ನ ತೋಟಾಗಳು 70 ಮಿಲಿಮೀಟರ್ ಉದ್ದದವು. ಅಪ್ಪನ ಬಂದೂಕಿನ ಚೇಂಬರು 65ರದ್ದಾಗಿತ್ತು, ಅದರಂತೆಯೇ ಬೇಕೆಂದು ಕೇಳಿದವನು ನಾನೇ. ಅಪ್ಪನ ಡಬ್ಬಿಯಲ್ಲಿದ್ದವೂ 65ರ ತೋಟಾಗಳು.

ಇಲ್ಲಿ ಎಲ್ಲರೂ ಎಡವುತ್ತಾರೆ. ತೋಟಾದ ಮೇಲೆ ಬರೆದಿರುವ ಉದ್ದ ಹೊಡೆದು ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ಹೊಡೆಯುವ ಮೊದಲು ಬಾಯಿ ಒಳಕ್ಕೆ ಮಡಚಿರುವುದರಿಂದ 70ರ ತೋಟಾ 65ರ ಚೇಂಬರಿಗೆ ಯಾವ ತಡೆಯೂ ಇಲ್ಲದೆ ಇಳಿಯುತ್ತದೆ, ಬಂದೂಕೂ ಸರಿಯಾಗಿ ಮುಚ್ಚಿಕೊಳ್ಳುತ್ತದೆ. ಹೊಡೆದಾಗ ಆ ಮಡಿಕೆ ಚೇಂಬರಿನ ಮುಂದೆ ನಳಿಗೆ ಕಿರಿದಾಗುವ ಕೊರಳಿನಲ್ಲಿ ಬಿಚ್ಚಿಕೊಂಡು ದಾರಿಯನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಒತ್ತಡ ಏರುತ್ತದೆ, ಹೆಗಲಿಗೆ ಏಟು ಹೆಚ್ಚುತ್ತದೆ, ಹಿತ್ತಾಳೆ ಬುಡ ತನ್ನ ಮಿತಿಯನ್ನು ಮೀರಿ ಉಬ್ಬಿ ಹಿಂದಕ್ಕೆ ಕುಗ್ಗದೆ ನಿಲ್ಲುತ್ತದೆ. ತೋಟಾ ಸಿಕ್ಕಿಕೊಳ್ಳುವುದು ಇದರ ಸಣ್ಣ ಫಲ, ದುರ್ಬಲ ನಳಿಗೆಯಾದರೆ ಸೀಳಬಹುದು. ನಾನು ಆ ಬಂದೂಕನ್ನು ಮುಖದ ಪಕ್ಕದಲ್ಲಿ ಹಿಡಿದು ಹತ್ತಿಪ್ಪತ್ತು ಬಾರಿ ಹೊಡೆದಿದ್ದೇನೆಂಬುದನ್ನು ನೆನೆದರೆ ಈಗಲೂ ಮೈ ನಡುಗುತ್ತದೆ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಬಂದೂಕಿಗೆ ಏನು ಮಾಡಿಸಬೇಕೆಂದು ಕೇಳುವ ಮೊದಲು ಸಿಕ್ಕಿಕೊಂಡ ಮೂರು ನಾಲ್ಕು ಖಾಲಿ ತೋಟಾಗಳನ್ನು ಬಿಸಿಲಿನಲ್ಲಿಟ್ಟು ನೋಡಿ. ಬಾಯಿ ಹರಿದು ತೆಳ್ಳಗಾಗಿದ್ದರೆ ಉದ್ದದ ತಪ್ಪು. ಬಾಯಿ ಚೆನ್ನಾಗಿದ್ದು ಮೈಸುತ್ತ ಉಂಗುರದಂತಹ ಗೀರುಗಳು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಕಂಡರೆ ಚೇಂಬರು ಕೊರೆಯುವಾಗ ಉಳಿದ ಗೆರೆಗಳು, ಅದು ತಯಾರಕರು ಸರಿಪಡಿಸಿಕೊಡಬೇಕಾದ ದೋಷ. ಬುಡದ ಅಂಚನ್ನು ಎಕ್ಸ್‌ಟ್ರ್ಯಾಕ್ಟರ್ ಕಚ್ಚಿ ಜಾರಿದ ಗುರುತಿದ್ದರೂ ಎಕ್ಸ್‌ಟ್ರ್ಯಾಕ್ಟರನ್ನು ದೂರಬೇಡಿ. ಅದು ಎಳೆಯುತ್ತಿದೆ, ತೋಟಾ ಬಿಡುತ್ತಿಲ್ಲ ಎಂಬುದಷ್ಟೇ ಅದರ ಅರ್ಥ. ಇನ್ನೂ ಗಟ್ಟಿಯಾದುದನ್ನು ಹಾಕಿಸಿದರೆ ಅದು ತೋಟಾದ ಅಂಚನ್ನೇ ಹರಿಯುತ್ತದೆ. ನಮ್ಮ ಕಡೆಯ ಕಪ್ಪು ಮಣ್ಣಿನ ಧೂಳು ಎಣ್ಣೆಯೊಡನೆ ಸೇರಿ ಚೇಂಬರಿನಲ್ಲಿ ಗಟ್ಟಿ ಪದರವಾಗುವುದೂ ಉಂಟು. ಹಿತ್ತಾಳೆ ಬ್ರಷ್ಷಿನಿಂದ ತಿಕ್ಕಿ, ಒಣ ಬಟ್ಟೆಯಿಂದ ಎಣ್ಣೆಯ ಪಸೆಯೂ ಉಳಿಯದಂತೆ ಒರೆಸಿ ಒಮ್ಮೆ ನೋಡಿ.

ಊರಿನ ಲೇತ್ ಮಿಸ್ತ್ರಿಯ ಕೈಗೆ ಬಂದೂಕನ್ನು ಕೊಡಲೇಬೇಡಿ. 1959ರ ಶಸ್ತ್ರ ಕಾಯ್ದೆಯ ಪ್ರಕಾರ ಬಂದೂಕು ದುರಸ್ತಿಯ ಕೆಲಸಕ್ಕೆ ಪ್ರತ್ಯೇಕ ಲೈಸೆನ್ಸ್ ಬೇಕು. 65ರ ಚೇಂಬರನ್ನು 70ಕ್ಕೆ ಕೊರೆಸಿದರಾಯಿತು ಎನ್ನುವವರೂ ಸಿಗುತ್ತಾರೆ. ನಳಿಗೆಯ ಗೋಡೆ ಅತಿ ಹೆಚ್ಚು ಒತ್ತಡ ತಡೆಯಬೇಕಾದ ಜಾಗದಲ್ಲಿಯೇ ಉಕ್ಕು ತೆಗೆಸಿದಂತಾಗುತ್ತದೆ, ನಾನಂತೂ ಅದನ್ನು ಮಾಡಿಸಲಾರೆ. ಇನ್ನೊಂದು ಮಾತು. ತೋಟಾ ಸಿಕ್ಕಿಕೊಂಡಾಗ ನಳಿಗೆಯ ಮುಂದಿನಿಂದ ಕೋಲು ಹಾಕುವ ಮೊದಲು ಅದು ನಿಜಕ್ಕೂ ಸುಟ್ಟಿದೆಯೇ ಎಂದು ಖಚಿತಪಡಿಸಿಕೊಳ್ಳಿ. ತೋಟಾದ ಬುಡದಲ್ಲಿ ಬಂದೂಕಿನ ಪಿನ್ ಬಡಿಯುವ ಕ್ಯಾಪಿನ ಮೇಲೆ ತಗ್ಗು ಬಿದ್ದಿದ್ದರೆ ಸಾಲದು, ಸಿಡಿಯದ ತೋಟಾದಲ್ಲಿಯೂ ಆ ತಗ್ಗು ಇರುತ್ತದೆ. ಶಬ್ದ ಬರದಿದ್ದರೆ ನಳಿಗೆಯನ್ನು ಯಾರೂ ಇಲ್ಲದ ಕಡೆಗೆ ತಿರುಗಿಸಿಕೊಂಡು ಕನಿಷ್ಠ ಒಂದು ನಿಮಿಷ ಬಂದೂಕನ್ನು ಮಡಚದೆ ಕಾಯಿರಿ, ಆ ತೋಟಾಕ್ಕೆ ಕೋಲು ತಾಗಿಸದೆ ದುರಸ್ತಿಗಾರರಿಗೇ ಬಿಡಿ.

ಈಗಲೇ ಬಂದೂಕು ಖಾಲಿಯೆಂದು ನೋಡಿಕೊಂಡು ನಳಿಗೆಯನ್ನು ಬಿಚ್ಚಿ, ಅಡಿಯಲ್ಲಿರುವ ಅಂಕಿಯನ್ನೂ ತೋಟಾದ ಡಬ್ಬಿಯ ಮೇಲಿನ ಅಂಕಿಯನ್ನೂ ಎದುರುಬದುರು ಇಟ್ಟು ಓದಿ. ನಳಿಗೆ 65ರದ್ದು, ತೋಟಾ 70ರದ್ದು ಎಂದಾದರೆ ಉಳಿದವುಗಳನ್ನು ಮಾರಿದ ಲೈಸೆನ್ಸ್ ಅಂಗಡಿಗೇ ಒಯ್ದು ಹಿಂದಿರುಗಿಸುವ ಬಗೆಯನ್ನು ವಿಚಾರಿಸಿ, 65ರವನ್ನೇ ಕೇಳಿ ಪಡೆಯಿರಿ. ಅಂಕಿಗಳು ಹೊಂದಿಕೊಂಡೂ ತೋಟಾ ಸಿಕ್ಕಿಕೊಳ್ಳುತ್ತಿದ್ದರೆ, ಆ ಖಾಲಿ ತೋಟಾಗಳನ್ನು ತೊಳೆಯದೆ ಹಾಗೆಯೇ ಕಟ್ಟಿ ಬಂದೂಕಿನೊಡನೆ ತಯಾರಕರಿಗೆ ತಲುಪಿಸಿ.